ಬ್ರನೋ ಸ್ಟೇಷನ್ನಿನಲ್ಲಿ ಮಡಿಲು ತುಂಬಿದ್ದು

ಅಮ್ಮನ ಜೊತೆ ಪ್ರಯಾಣ ಹೊರಟರೆ ಊರು ನೋಡುವ ಭಾಗ್ಯವಿಲ್ಲ, ಅಮ್ಮನನ್ನು ನೋಡುವುದರಲ್ಲೇ ಹೊತ್ತು ಹೋಗುತ್ತದೆ. ಅಮೆರಿಕದಲ್ಲಿ ನಾವಿರುವ ರೆಡ್ಮಂಡ್‌ನಿಂದ ಲೈಟ್ ರೈಲಿನಲ್ಲಿ ಪೇಟೆಗೆ ಹೋಗಿಬಂದರೂ ಏನಾದರೊಂದು ಆಗಿಯೇ ತೀರುತ್ತದೆ. ಗೊತ್ತಿದ್ದೂ ಹೋದ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಅವಳನ್ನು ಯುರೋಪಿಗೆ ಕರೆದುಕೊಂಡು ಹೋಗಿ, ವಿಯೆನ್ನಾದಲ್ಲಿ ಪ್ರಾಗ್ ರೈಲು ಹತ್ತಿಸಿದೆವು.

ಅಮ್ಮನಿಗೆ ಆ ಎರಡೂ ಊರು ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ನಡುವಿನ ಬ್ರನೋ. ಅಲ್ಲಿ ಅವಳ ತಮ್ಮನ ಮಗಳಿದ್ದಾಳೆ, ಏಳು ತಿಂಗಳ ಬಸುರಿ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದ್ದು ಅಮ್ಮನೇ. ಹುಡುಗಿಗೆ ರಜೆ ಸಿಗಲಿಲ್ಲ, ನಮ್ಮ ಹೋಟೆಲುಗಳು ಮೊದಲೇ ಬುಕ್ ಆಗಿದ್ದವು. ಹಾಗಾಗಿ ರೈಲು ನಿಲ್ಲುವ ಒಂದೆರಡು ನಿಮಿಷದಲ್ಲೇ ಮಡಿಲು ತುಂಬುವುದೆಂದು ಫೋನಿನಲ್ಲಿ ತೀರ್ಮಾನವಾಗಿತ್ತು.

ಟವೆಲ್ಲು

ಸೀಟು ರಿಸರ್ವ್ ಆಗಿದೆ ಎಂದರೆ ಅಮ್ಮ ನಂಬಲಿಲ್ಲ. ಎಲ್ಲರಿಗಿಂತ ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಸಿ ಕಾವಲು ನಿಂತಳು. ನೋಡಿದರೆ ನಮ್ಮ ಸೀಟು ಪಕ್ಕದ ಬೋಗಿಯಲ್ಲಿ. ಕರೆದುಕೊಂಡು ಹೊರಟರೆ ಟವೆಲ್ಲನ್ನು ಅಲ್ಲೇ ಬಿಟ್ಟಳು. ಯಾಕಮ್ಮ ಎಂದೆ.

“ಇರ್ಲಿ ಬಿಡೋ. ಅಲ್ಲಿ ಸರಿಹೋಗ್ದಿದ್ರೆ ಇಲ್ಲಿಗೇ ಬರೋಣ.”

ತೆಂಗಿನಕಾಯಿ

ರೈಲು ಹೊರಟು ಸ್ವಲ್ಪ ಹೊತ್ತಿಗೆ, ನಮ್ಮ ಮನೆ ಹತ್ತಿರದ ಕ್ರಾಸ್‌ರೋಡ್ಸ್ ಅಂಗಡಿಯಿಂದ ಮಡಿಲಿಗೆಂದೇ ತಂದಿದ್ದ ತೆಂಗಿನಕಾಯಿ ಚೀಲದಿಂದ ಉರುಳಿತು. ಮುಂದಿನ ಸೀಟಿನ ಕೆಳಗೆ ಮಲಗಿದ್ದ ನಾಯಿ ಅದನ್ನು ಎರಡೂ ಮುಂಗಾಲಲ್ಲಿ ಅವುಚಿಕೊಂಡು ಮೂಸತೊಡಗಿತು. ಅಮ್ಮನ ಮುಖ ಇಳಿದುಹೋಯಿತು. ಬೇರೆ ಕಾಯಿಗೆ ಎಲ್ಲಿ ಹೋಗುವುದು? ಕೊನೆಗೆ, ನಾಯಿಗೆ ಟಿಕೆಟ್ ಇದೆಯೇ ಕೇಳು ಎಂದಳು. ನಾಯಿಯ ಯಜಮಾನಿ ನಗುತ್ತಾ ತೆಗೆದು ತೋರಿಸಿದರು.

“ಟಿಕೆಟ್ ತಗೊಂಡು ಬಂದಿದೆ ಅಂದ್ರೆ ಒಳ್ಳೆ ಮನೆತನದ ನಾಯಿ. ತೊಳ್ಕೊಂಡು ಬಾ, ನಡೆಯತ್ತೆ.”

ಪೂರ್ವ ದಿಕ್ಕು

ಬ್ರನೋದಲ್ಲಿ ಹುಡುಗಿ ಆಫೀಸಿಗೆ ಹೊರಟ ವೇಷದಲ್ಲೇ ಕಾದಿದ್ದಳು. ನಿಂತವಳಿಗೆ ಮಡಿಲು ತುಂಬಬಾರದು, ಒಳಗೆ ಬಂದು ಕೂತ್ಕೋ ಎಂದಳು ಅಮ್ಮ. ಕೂತಳು. ಆಮೇಲೆ ಪೂರ್ವಕ್ಕೆ ಮುಖ ಮಾಡಬೇಕು ಎಂದಳು ಅಮ್ಮ. ನಾನು ಫೋನಿನಲ್ಲಿ ದಿಕ್ಸೂಚಿ ತೆರೆದು ಈ ಕಡೆ ಎಂದೆ, ಹೆಂಡತಿ ತನ್ನ ಫೋನು ನೋಡಿ ಆ ಕಡೆ ಎಂದಳು. ಪಾಪ, ಬಸುರಿ ಸೀಟಿಂದ ಸೀಟಿಗೆ ಎದ್ದು ಕೂತಳು. ಅಂತೂ ಕುಂಕುಮವಿಟ್ಟು, ಅಕ್ಕಿ, ಕಾಯಿ, ಬಳೆ ಮಡಿಲಿಗೆ ಹಾಕುವ ಹೊತ್ತಿಗೆ ಬಾಗಿಲು ಮುಚ್ಚಿ ರೈಲು ಹೊರಟೇಬಿಟ್ಟಿತು.

ಮುಂದಿನ ಸ್ಟೇಷನ್ ಸುಮಾರು ಒಂದು ಗಂಟೆಯ ದಾರಿ. ಹುಡುಗಿ ಆಫೀಸಿಗೆ ಫೋನ್ ಮಾಡಿ ಏನೋ ಸಮಜಾಯಿಷಿ ಹೇಳಿದಳು. ಕಂಡಕ್ಟರ್ ಬಂದು ಮಡಿಲಿನ ಅಕ್ಕಿ ನೋಡಿದ, ಹೊಟ್ಟೆ ನೋಡಿದ, ಮುಂದೆ ಇಳಿದು ವಾಪಸ್ ರೈಲು ಹಿಡಿಯಿರಿ ಎಂದು ಹೇಳಿ ಹೋದ. ಅಮ್ಮ ಮಾತ್ರ ಯಾವ ಗಡಿಬಿಡಿಯೂ ಇಲ್ಲದೆ ಪುಳಿಯೋಗರೆ ತುತ್ತು ಮಾಡಿ ತಿನ್ನಿಸಿದಳು, ತಲೆ ಬಾಚಿದಳು. ಇಬ್ಬರೂ ಅತ್ತರು, ನಕ್ಕರು, ನೆಂಟರನ್ನೆಲ್ಲ ಆಡಿಕೊಂಡರು.

ಅವಳು ಇಳಿದು ಹೋದ ಮೇಲೆ, ದಿಕ್ಕು ಹುಡುಕುವುದರಲ್ಲಿ ನಾವೇ ತಡ ಮಾಡಿದೆವು ಎಂದು ಪೇಚಾಡಿಕೊಂಡೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಷ್ಟು ದೂರದಿಂದ ಬಂದು ಎರಡು ನಿಮಿಷ ನೋಡ್ಕೊಂಡು ಹೋಗ್ಲಾ? ಬೆಳಗಿನ ಸೂರ್ಯ ಕಿಟಕಿಲೇ ಕಾಣ್ತಿದ್ದ. ಪೂರ್ವ ಯಾವ ಕಡೆ ಅಂತ ನಂಗೆ ಗೊತ್ತಿರ್ಲಿಲ್ವೇನೋ?”