ತಂಗಿಯ ಉಡಿಗೊಂದು ಗಿಫ್ಟ್ ಕಾರ್ಡು

ಏಳು ಕೊಳ್ಳಗಳ ಆಚೆ, ಎಂಟನೆಯ ಕೊಳ್ಳದ ಈಚೆ ಒಂದು ಊರಿತ್ತಂತೆ. ಆ ಊರಿನಲ್ಲೊಬ್ಬ ಅಣ್ಣ, ಅವನಿಗೊಬ್ಬಳು ತಂಗಿ. ತಂಗಿ ಕೇಳಿದ್ದನ್ನೆಲ್ಲ ಅಣ್ಣ ತಂದುಕೊಡುತ್ತಿದ್ದ. ಏನು ತಂದುಕೊಟ್ಟರೂ ತಂಗಿಗೆ ಸೇರುತ್ತಿರಲಿಲ್ಲ. ಅಣ್ಣನ ಹೆಸರು ಗುಡದಪ್ಪ, ಊರು ದೇವಿಕೊಪ್ಪ, ಕಾಲ ಹೋದ ವರ್ಷದ ನಾಗರಪಂಚಮಿ. ದಾರಿಯಲ್ಲಿ ರಾಕ್ಷಸರೇನೂ ಅಡ್ಡ ಬರಲಿಲ್ಲ. ಒಂದು ಗಿಫ್ಟ್ ಕಾರ್ಡು ಬಂತು, ಅಷ್ಟೇ.

ಗುಡದಪ್ಪನದು ಹಿಟ್ಟಿನ ಗಿರಣಿ. ಹುಬ್ಬಿನ ಮೇಲೆ ಯಾವಾಗಲೂ ಜೋಳದ ಹಿಟ್ಟು ಕೂತಿರುತ್ತಿದ್ದರಿಂದ ಅವನಿಗೆ ಆಶ್ಚರ್ಯವಾದರೂ ಸಿಟ್ಟು ಬಂದರೂ ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ತಂಗಿ ಮಲ್ಲಿಕಾಳನ್ನು ಅಳ್ನಾವರಕ್ಕೆ ಕೊಟ್ಟು ಐದು ವರ್ಷ. ಪ್ರತಿ ಪಂಚಮಿಗೂ ಅವಳು ತವರಿಗೆ ಬರುವುದು, ಜೋಕಾಲಿ ಆಡುವುದು, ಶೇಂಗಾ ಉಂಡಿ ತಿನ್ನುವುದು, ಹೊರಡುವ ದಿನ ಅಣ್ಣ ಕೊಟ್ಟ ಸೀರೆಯನ್ನು ಉಡಿಯಲ್ಲಿ ಹಾಕಿಸಿಕೊಂಡು, ಓಣಿಯೆಲ್ಲ ಕೇಳುವಂತೆ ಅದಕ್ಕೆ ಹೆಸರಿಡುವುದು. ಮೊದಲ ವರ್ಷದ್ದು ಕೊಳೆತ ಬಾಳೆಕಾಯಿಯ ಬಣ್ಣ. ಎರಡನೆಯದನ್ನು ಉಟ್ಟು ನಿಂತರೆ ಮಂದಿ ಅಂಗನವಾಡಿಯ ಟೀಚರೆಂದು ತಿಳಿದು ಮೊಟ್ಟೆ ಯಾವಾಗ ಕೊಡುತ್ತೀರಿ ಎಂದು ಕೇಳುತ್ತಾರಂತೆ. ಹೋದ ಸಲದ್ದರ ಅಂಚು ಹಾಸಿಗೆ ಸುತ್ತುವ ಹಗ್ಗದಂತಿತ್ತಂತೆ.

"ಈ ಸಲ ನಿನ್ನ ಬಾಯಿಂದನ 'ಚಲೋ ಐತಿ' ಅನ್ನಸ್ತೀನಿ, ಉಡಿ ತುಂಬಿ ಐದರ ಬಸ್ಸಿಗೆ ಹತ್ತಸ್ತೀನಿ. ಇಲ್ಲಾಂದ್ರ ನಾ ನಿಮ್ಮಣ್ಣನ ಅಲ್ಲ" ಎಂದು ಗುಡದಪ್ಪ ತಂಗಿ ಹೊರಡುವ ಹಿಂದಿನ ದಿನ ಎಲ್ಲರೆದುರು ಮಾತು ಕೊಟ್ಟುಬಿಟ್ಟಿದ್ದ.

ಉಪಾಯ ಹೇಳಿದವನು ಮೊಬೈಲ್ ಅಂಗಡಿಯ ಸುದೀಪ. "ಕಾಕಾ, ನೀ ಯಾಕ ಆರಿಸಾಕ ಹೋಗ್ತಿ? ಗಿಫ್ಟ್ ಕಾರ್ಡ್ ಕೊಡು. ಆಕಿ ಅಂಗಡಿಗೆ ಹೋಗಿ ತನಗ ಬೇಕಾದ್ದು ತಗೋತಾಳ. ಬೈದ್ರ ಆಕಿ ತನ್ನ ಕಣ್ಣಿಗೆ ತಾನ ಬೈಕೋಬೇಕು."

ಗುಡದಪ್ಪನಿಗೆ ತಲೆಯ ಮೇಲೆ ಹೂವು ಬಿದ್ದಂತಾಯಿತು. ಹೊರಡುವ ದಿನ ಬೆಳಗಿನ ಬಸ್ಸಿಗೇ ಕಲಘಟಗಿಗೆ ಹೋಗಿ, ಹೊಸದಾಗಿ ತೆರೆದ ಮೂರಂತಸ್ತಿನ 'ಸೌಗಂಧಿಕಾ ಸೀರೆ ಮಹಲ್' ಹೊಕ್ಕ. ಕೌಂಟರಿನ ಹುಡುಗಿ ಜೋಕುಮಾರನನ್ನು ಬರಮಾಡಿಕೊಂಡ ಹಾಗೆ ನಕ್ಕಳು.

"ಮೂರು ಸಾವಿರದ ಒಂದು ರೂಪಾಯಿದು ಕೊಡ್ರಿ" ಎಂದ.

"ಒಂದು ರೂಪಾಯಿ ಬರೂದಿಲ್ರಿ. ಮೂರು ಸಾವಿರ ತಗೋರಿ, ಇಲ್ಲಾ ಮೂರೂವರಿ."

"ಸೊನ್ನಿ ಇಟ್ಟು ಯಾರರ ಕಾಣಿಕಿ ಕೊಡ್ತಾರೇನವ್ವಾ? ತವರುಮನಿದು ಅದು."

"ಮಶೀನಿಗೆ ತವರುಮನಿ ಇಲ್ರಿ" ಎಂದಳು ಹುಡುಗಿ. "ಕಾರ್ಡಿಗೆ ತೊಂಬತ್ತೊಂಬತ್ತು, ಕವರಿಗೆ ನಾಲ್ವತ್ತು. ನಾಳೆ ಚಾಲೂ ಆಗೋದಾದ್ರ ಪುಕಟ, ಇವತ್ತ ಆಗಬೇಕಂದ್ರ ಎಪ್ಪತ್ತೈದು."

"ರೊಕ್ಕ ಕೊಡಾಕೂ ರೊಕ್ಕ ಕೊಡಬೇಕಾ?" ಎಂದು ಗುಡದಪ್ಪ ಕೇಳಿದ. ಬಸ್ಸಿನವನು ಟಿಕೀಟು ಹರಿದಮೇಲೆ ಸೀಟಿಗೆ ಬೇರೆ, ಕಿಟಕಿಗೆ ಬೇರೆ ದುಡ್ಡು ಕೇಳಿದಂತಿತ್ತು. ಆದರೂ ಇವತ್ತೇ ಬೇಕಿತ್ತು, ಕೊಟ್ಟ.

ಮರಳಿ ಬರುವಾಗ ದಾರಿಯುದ್ದಕ್ಕೂ ಆ ಒಂದು ರೂಪಾಯಿ ಅವನ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಊರಿಗೆ ಇಳಿದವನೇ ಸುದೀಪನ ಅಂಗಡಿಯಲ್ಲಿ ಗಟ್ಟಿ ಗೋಂದು ಇಸಿದುಕೊಂಡು, ಕಾರ್ಡಿನ ಹಿಂದೆ ಬೆಳ್ಳಿಯ ಬಣ್ಣದ ಪಟ್ಟಿಯೊಂದು ಖಾಲಿ ಕಂಡಿತಲ್ಲ, ಅದರ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ನೆಟ್ಟಗೆ ಅಂಟಿಸಿದ. ಈಗ ಕಾಣಿಕೆ ಪೂರ್ತಿಯಾಯಿತು.

ಮನೆಯಲ್ಲಿ ಮಲ್ಲಿಕಾ ಕಾರ್ಡನ್ನು ತಿರುವಿ ಮುರುವಿ ನೋಡಿದಳು. "ಅಣ್ಣಾ, ಇದನ್ನ ಉಡಬೇಕೋ, ಹೊದಿಬೇಕೋ?"

ವಿಷಯ ತಿಳಿದ ಮೇಲೆ ಗುಡದಪ್ಪನ ಹೆಂಡತಿ ಲಕ್ಷ್ಮವ್ವ ಅಕ್ಕಿಯ ತಾಟು ಕೆಳಗಿಟ್ಟಳು. "ಉಡಿಯೊಳಗ ಕುಬಸದ ಮ್ಯಾಲೆ ಸೀರಿ ಇರಬೇಕು. ಈ ರೇಶನ್ ಕಾರ್ಡಿನಂಥಾದ್ದನ್ನ ಹಾಕಿ ಕಳಸಿದ್ರ ಆಕಿ ಅತ್ತಿ ಮನ್ಯಾಗ ಏನಂದಾರು? ಸೀರಿ ಬರೂತನಾ ನಾ ಉಡಿ ತುಂಬೂದಿಲ್ಲ."

"ಹೋಗೂಣು ನಡೀರಿ, ಈಗ ತರೂಣು!" ಎಂದು ಬಾಗಿಲಲ್ಲೇ ದನಿ ಕೇಳಿತು. ಅಣ್ಣ ತಂಗಿ ಇಬ್ಬರೂ ಚಿಗವ್ವ ಎನ್ನುವ ಪಕ್ಕದ ಮನೆಯ ಬಸವಣ್ಣೆವ್ವ ಆಗಲೇ ಚಪ್ಪಲಿ ಮೆಟ್ಟಿ, ಹೊಸ ಮೊಬೈಲು ಹಿಡಿದು ನಿಂತಿದ್ದಳು. ಅವಳ ಮಗಳನ್ನೂ ಅಳ್ನಾವರದಲ್ಲಿ ಮಲ್ಲಿಕಾಳ ಅತ್ತೆಮನೆಯ ಎದುರಿಗೇ ಕೊಟ್ಟಿತ್ತು. ಎರಡೂ ಊರಿನ ಸುದ್ದಿ ಹಾಲು ಉಕ್ಕುವುದಕ್ಕಿಂತ ಬೇಗ ಮುಟ್ಟುವುದು ಅವಳಿಂದಲೇ. ಅಣ್ಣ ತಂಗಿಯ ಸಂಗಡ ಅವಳೂ ಕಲಘಟಗಿಯ ಬಸ್ಸು ಹತ್ತಿದಳು.

ಅಂಗಡಿಯ ಕೆಳಗಿನ ಅಂತಸ್ತಿನಲ್ಲಿ ಸೀರೆಗಳು ಹೊಲದ ಸೂರ್ಯಕಾಂತಿಯಂತೆ ಮುಖ ತೋರಿ ನಿಂತಿದ್ದವು. ಮಲ್ಲಿಕಾ ಒಂದಕ್ಕೆ ಕೈ ಹಾಕಿದಳು.

"ಅದು ಪಂಚಮಿ ರಿಯಾಯ್ತಿದ್ರಿ. ರಿಯಾಯ್ತಿ ಮಾಲಿಗೆ ಕಾರ್ಡ್ ನಡಿಯೂದಿಲ್ಲ" ಎಂದ ಸೀರೆ ತೋರಿಸುವವನು.

"ನಡುವಿನ ಅಂತಸ್ತಿನ್ಯಾಗ?"

"ಅದೂ ರಿಯಾಯ್ತಿನ್ರಿ. ಮ್ಯಾಲಿನದಕ್ಕ ಹೋಗ್ರಿ."

ಮೇಲಿನ ಅಂತಸ್ತಿನಲ್ಲಿ ನಾಲ್ಕು ಸಾವಿರಕ್ಕೆ ಕಡಿಮೆಯದು ಬಾಗಿಲ ಕಾಲೊರಸು ಮಾತ್ರ. ಗುಡದಪ್ಪ ಬೆಲೆಯ ಚೀಟಿಗಳನ್ನು ಓದುತ್ತ ಬೆವರಿದ. ಹುಬ್ಬಿನ ಹಿಟ್ಟು ಕಣಕವಾಯಿತು. ಅಷ್ಟರಲ್ಲಿ ಮಲ್ಲಿಕಾ ಹಸಿ ಅರಿಷಿಣದ ಮೈಗೆ ನೇರಳೆಯ ಅಂಚಿದ್ದ ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತುಬಿಟ್ಟಳು. ತನ್ನನ್ನೇ ಮರೆತವಳಂತೆ ಅಂದಳು:

"ಚಲೋ ಐತಿ."

ಗುಡದಪ್ಪನಿಗೆ ಕಿವಿಯನ್ನು ನಂಬಲಾಗಲಿಲ್ಲ. "ಏನಂದಿ? ಇನ್ನೊಮ್ಮೆ ಅನ್ನು!"

"ಚಲೋ ಐತಿ, ಅಣ್ಣಾ. ಅಗದಿ ಚಲೋ ಐತಿ."

"ಇನ್ನೊಮ್ಮೆ, ಇನ್ನೊಮ್ಮೆ! ನಾ ವಿಡಿಯೋ ಹಿಡಕೊಂಡಿರ್ತೀನಿ!" ಎಂದು ಬಸವಣ್ಣೆವ್ವ ಮೊಬೈಲು ಎತ್ತಿದಳು. ಮಲ್ಲಿಕಾ ನಾಚಿ ನಕ್ಕು ಮೂರನೆಯ ಸಲವೂ ಅಂದಳು. ಬೆಲೆ ನಾಲ್ಕು ಸಾವಿರದ ಎರಡುನೂರಾ ಐವತ್ತು. ಇರಲಿ, ಐದು ವರ್ಷದ ಬಯ್ಗುಳ ಇಳಿಯಿತಲ್ಲ ಎಂದು ಗುಡದಪ್ಪ ಮೆಟ್ಟಿಲನ್ನು ಎರಡೆರಡಾಗಿ ಇಳಿದ.

ಕೌಂಟರಿನಲ್ಲಿ ಹುಡುಗಿ ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿದಳು. "ಇದೇನ್ರೀ?"

"ಒಂದು ರೂಪಾಯಿ. ನಿಮ್ಮ ಮಶೀನು ಒಲ್ಲೆ ಅಂತಲ್ಲ, ನಾನ ಕೂಡಿಸೇನಿ."

"ನಂಬರ್ ಇರೂದು ಅದರ ಬುಡಕ್ಕರೀ!"

ನಾಣ್ಯವನ್ನು ಕೀಳಲು ಹುಡುಗಿಯ ಉಗುರು, ಬಸವಣ್ಣೆವ್ವನ ಸೂಜಿಪಿನ್ನು, ಕೊನೆಗೆ ಗುಡದಪ್ಪನ ಹಲ್ಲು ಬೇಕಾದವು. ಕಿತ್ತು ಬಂತು. ಅದರ ಸಂಗಡ ಬೆಳ್ಳಿಯ ಪಟ್ಟಿಯೂ, ಹದಿನಾರು ಅಂಕಿಗಳಲ್ಲಿ ಕಡೆಯ ಆರೂ ಬಂದು, ರೂಪಾಯಿಯ ಬೆನ್ನಿಗೆ ತಿರುಗುಮುರುಗಾಗಿ ಅಂಟಿಕೊಂಡು ಕೂತವು.

"ಹೊಸಾ ಕಾರ್ಡಿಗೆ ಅರ್ಜಿ ಕೊಡ್ರಿ. ಎಂಟು ದಿನ, ನೂರೈವತ್ತು ರೂಪಾಯಿ."

"ಎಂಟು ದಿನಾನ? ಐದಕ್ಕ ಬಸ್ ಐತಿ!"

ದಾರಿ ಕಂಡದ್ದು ಮಲ್ಲಿಕಾಳಿಗೆ. ಅಣ್ಣ, ತಂಗಿ, ಬಸವಣ್ಣೆವ್ವ ಮೂವರೂ ಬಟ್ಟೆ ಹಾಕಿ ನೋಡುವ ಸಣ್ಣ ಕೋಣೆಗೆ ನುಗ್ಗಿ, ಕದ ಹಾಕಿ, ನಾಣ್ಯವನ್ನು ಕನ್ನಡಿಗೆ ಹಿಡಿದರು. ಹೊರಗೆ ಕಾಯುತ್ತಿದ್ದ ಹೆಂಗಸೊಬ್ಬಳಿಗೆ ಒಳಗಿನಿಂದ ಕೇಳಿಬಂದದ್ದು ಇಷ್ಟು:

"ಸರಿಯಾಗಿ ಹಿಡಿ ಲೇ, ಅಲ್ಲಾಡಸಬ್ಯಾಡ!"

"ನಾಕು... ಏಳು... ಚಿಗವ್ವಾ, ನಿನ್ನ ತುರುಬು ಸರಸು."

"ಅದು ಮೂರಲ್ಲ, ಎಂಟು!"

"ಎಂಟಾದ್ರ ಹೊಟ್ಟಿ ಎರಡೂ ಕಡೆ ಇರತಿತ್ತು, ಇದಕ್ಕ ಒಂದ ಕಡೆ ಐತಿ!"

ಮೂರು ಸಲ ತಪ್ಪಾದರೆ ಕಾರ್ಡು ಸಾಯುತ್ತದೆ ಎಂದು ಹುಡುಗಿ ಹೇಳಿದ್ದಳು. ಎಂಟೆಂದು ಒತ್ತಿದರು, ತಪ್ಪಿತು. ಒಂಬತ್ತೆಂದು ಒತ್ತಿದರು, ತಪ್ಪಿತು. ಗುಡದಪ್ಪ ಕಣ್ಣು ಮುಚ್ಚಿ ಮನೆದೇವರನ್ನು ನೆನೆದು "ಮೂರು" ಎಂದ. ಯಂತ್ರ ಕುಂಯ್ ಎಂದು ಚೀಟಿ ಉಗುಳಿತು.

"ಕೈಲೆ ನಂಬರ್ ಹೊಡದಿದ್ದಕ್ಕ ಐವತ್ತೊಂದು. ಎಲ್ಲಾ ಸೇರಿ ಇನ್ನ ಸಾವಿರದ ಮುನ್ನೂರಾ ಒಂದು ಕೊಡ್ರಿ" ಎಂದಳು ಹುಡುಗಿ. ಗುಡದಪ್ಪನ ಕಿಸೆಯಲ್ಲಿ ಬಸ್ಸಿನ ಖರ್ಚು ಬಿಟ್ಟರೆ ಸರಿಯಾಗಿ ಸಾವಿರದ ಮುನ್ನೂರಿತ್ತು. ಗೋಂದು ಹತ್ತಿದ ಆ ನಾಣ್ಯವೂ ಗಲ್ಲೆಗೆ ಬಿತ್ತು.

ದೇವಿಕೊಪ್ಪಕ್ಕೆ ಬಂದಾಗ ನಾಲ್ಕೂ ನಲವತ್ತು. ಲಕ್ಷ್ಮವ್ವ ಮಣೆ ಹಾಕಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಎಲೆಯಡಿಕೆ ಎಲ್ಲ ಜೋಡಿಸಿಟ್ಟಿದ್ದಳು. ಮಲ್ಲಿಕಾ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಆಗ ಅವಳ ಮೊಬೈಲು ಗುಂಯ್‌ಗುಟ್ಟಿತು. ನೋಡಿದವಳ ಮುಖ ಒಲೆಯಿಂದ ಇಳಿಸಿದ ರೊಟ್ಟಿಯಂತೆ ಮುದುಡಿತು.

"ಚಿಗವ್ವಾ, ಆ ವಿಡಿಯೋ ಯಾರಿಗರ ಕಳಿಸಿದ್ಯಾ?"

"ನಿನ್ನ ನಾದಿನಿ ಸುಮಂಗಲಾಗ ಕಳಿಸಿದ್ನೆವ್ವಾ. ಖುಷಿ ಪಡ್ಲಿ ಅಂತ. ಯಾಕ?"

ಮಲ್ಲಿಕಾ ಓದಿದಳು: "ವೈನಿ, ಸೀರಿ ಅಗದಿ ಛಂದ ಐತಿ. ಐತವಾರ ನನ್ನ ನೋಡಾಕ ಬರಾಕತ್ತಾರ. ನಾ ಅದನ್ನ ಉಡತೀನಿ. ಬ್ಲೌಸ್ ಅಳತಿನೂ ಕೊಟ್ಟೀನಿ."

"ಒಂದ ದಿನ ಉಟ್ಟು ಕೊಡತಾಳ ಬಿಡು" ಎಂದ ಗುಡದಪ್ಪ.

"ಆಕಿ ಒಯ್ದದ್ದು ಇವತ್ತಿನತನಾ ಒಂದರ ಮರಳಿ ಬಂದೈತೇನು? ನನ್ನ ಮದುವಿ ಸೀರಿ ಎರಡೂ ಆಕಿ ಟ್ರಂಕಿನ್ಯಾಗ ಅದಾವು." ಮಲ್ಲಿಕಾಳ ದನಿ ಸಣ್ಣಗಾಯಿತು. "ನೀ ಕೊಟ್ಟ ಐದು ಸೀರಿ ಮಾತ್ರ ನನ್ನ ಕಡೆ ಉಳದಾವು ಅಣ್ಣಾ. ಯಾಕ ಹೇಳು? ಬಣ್ಣ ಸುಡ್ಲಿ, ಅಂಚು ಸುಡ್ಲಿ ಅಂತ ಊರ ತುಂಬ ಡಂಗುರ ಹೊಡದೀನಿ. ನಾ ಹೆಸರಿಟ್ಟದ್ದನ್ನ ಆಕಿ ಮುಟ್ಟೂದಿಲ್ಲ."

ಗುಡದಪ್ಪ ಮಣೆಯ ಎದುರಿಗೇ ಕುಕ್ಕರಿಸಿದ. "ಅಂದ್ರ... ಅವು ನಿನಗ ಸೇರಿದ್ವಾ?"

"ನಮ್ಮಣ್ಣ ತಂದದ್ದು ಸೇರೂದಿಲ್ಲೇನು? ಹುಚ್ಚ!" ಎಂದು ಮಲ್ಲಿಕಾ ಕಣ್ಣೊರಸಿಕೊಂಡಳು. "ಇನ್ನ ಹತ್ತು ಮಿನಿಟ್ ಐತಿ. ಓಡು. ಇದಂತೂ ಆಕಿ ಪಾಲಾತು, ಮತ್ತೊಂದು ತಾ. ನಾ ನೋಡೂದಿಲ್ಲ, ನೀನ ಆರಿಸು."

ಗುಡದಪ್ಪ ಗಿರಣಿಯ ಗಲ್ಲೆಗೆ ಕೈ ಹಾಕಿ ಸಿಕ್ಕಷ್ಟನ್ನು ಬಾಚಿಕೊಂಡು ಬೀದಿಯ ತುದಿಯ ಮಹಬೂಬಸಾಬನ ಬಟ್ಟೆಯಂಗಡಿಗೆ ಓಡಿದ. ಸಾಬ ನಿಧಾನವಾಗಿ ಚಹಾ ಲೋಟ ಇಳಿಸಿ, "ಯಾವ ಬಣ್ಣ ತೋರಸ್ಲಿ ಗುಡದಪ್ಪಾ? ಕುಂದರು, ಹೊಸಾ ಮಾಲು ಬಂದೈತಿ" ಎಂದ.

"ಕುಂದ್ರಾಕ ಪುರಸೊತ್ತಿಲ್ಲ ಕಾಕಾ! ಆ ಕರಿಗೆಂಪು ತಗೀರಿ. ಅಲ್ಲ, ಅದರ ಬುಡಕಿನ ಗಿಳಿಹಸರು. ಹೂಂ, ಅದ. ಕಟ್ಟಬ್ಯಾಡ್ರಿ, ಹಂಗ ಕೊಡ್ರಿ!"

ಸೀರೆಯನ್ನು ಮಗುವಿನಂತೆ ಎದೆಗವಚಿಕೊಂಡು ಅವನು ಅಂಗಳಕ್ಕೆ ಬಂದಾಗ ಬಸ್ಸಿನ ಹಾರ್ನು ಊರ ಹೊರಗೆ ಕೇಳುತ್ತಿತ್ತು. ಲಕ್ಷ್ಮವ್ವ ಸೀರೆ ಇಸಿದುಕೊಂಡು ಮೇಲೆ ಕುಂಕುಮ ಇಟ್ಟಳು. ಮಲ್ಲಿಕಾ ಅದನ್ನು ನೋಡಿದಳು. ಅವಳ ಕಣ್ಣು ಅರಳಿತು, ತುಟಿ ಬಿಚ್ಚಿತು. ಅದೇ ಹೊತ್ತಿಗೆ ಮೂಲೆಯಲ್ಲಿ ಬಸವಣ್ಣೆವ್ವನ ಮೊಬೈಲು ಮೇಲೆದ್ದಿತು.

"ಇದನ್ನೂ ಕಳಸ್ತೀನಿ ತಡಿ, ಸುಮಂಗಲಾ ನೋಡ್ಲಿ. ಹೆಂಗೈತಿ ಹೇಳು ಮಲ್ಲಿಕಾ!"

ಮಲ್ಲಿಕಾಳ ತುಟಿಯಿಂದ ಮಾತು ಇನ್ನೇನು ಜಾರುವುದರಲ್ಲಿತ್ತು. ಗುಡದಪ್ಪ ಒಂದೇ ನೆಗೆತಕ್ಕೆ ಮೊಬೈಲಿನ ಮುಂದೆ ಬಂದು ನಿಂತು, ಎರಡೂ ಕೈ ಎತ್ತಿ, ಓಣಿಗೆ ಓಣಿಯೇ ಹೊರಬರುವಂತೆ ಕೂಗತೊಡಗಿದ:

"ಹೆಂಗೇನು ಹೆಂಗ? ಅಗದಿ ಕೆಟ್ಟ ಸೀರಿ! ಹಸರಿಗೆ ಹಸರಲ್ಲ, ಅಂಚಿಗೆ ಅಂಚಲ್ಲ! ಎಮ್ಮಿ ಮೈ ಒರಸಾಕೂ ಬರೂದಿಲ್ಲ! ಇಂಥಾ ಸೀರಿ ತಂದಾನಲ್ಲ, ಇವನೂ ಒಬ್ಬ ಅಣ್ಣಾ ಅಂತ!"

ಹೊರಗೆ ನೆರೆದ ಮಂದಿ ತಲೆ ಅಲ್ಲಾಡಿಸಿದರು. ಬಸವಣ್ಣೆವ್ವ ಅಷ್ಟನ್ನೂ ಹಿಡಿದು ಅಳ್ನಾವರಕ್ಕೆ ಕಳಿಸಿದಳು. ಲಕ್ಷ್ಮವ್ವ ಐದು ಬೊಗಸೆ ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು, ಅದರ ಮೇಲೆ ಗಿಳಿಹಸಿರು ಸೀರೆ ಇಟ್ಟಳು. ಮಲ್ಲಿಕಾಳ ಉಡಿ ತುಂಬಿತು.