ಕದರಪ್ಪ ಹೀರಿ ತೆಗೆದ ಮಿಸ್ಸಿಂಗ್

ಶುಕ್ರವಾರ ಸಂಜೆ ನನ್ನ ಭಾವಮೈದುನ ಕದರಪ್ಪ ಒಂದು ಅಲ್ಯುಮಿನಿಯಮ್ ಊಟದ ಕ್ಯಾರಿಯರನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು, ಉತ್ಸವಮೂರ್ತಿಯನ್ನು ತರುವವನಂತೆ ನಮ್ಮ ವಠಾರದ ಅಂಗಳಕ್ಕೆ ಬಂದ. ಮೇಲಿನ ಡಬ್ಬಿಯಿಂದ ಕೆಂಪು ತಂತಿ, ಕೆಳಗಿನ ಡಬ್ಬಿಯಿಂದ ಕಪ್ಪು ತಂತಿ ಹೊರಗೆ ಇಳಿಬಿದ್ದಿದ್ದವು. ನಡುವಿನ ಡಬ್ಬಿಯಲ್ಲಿ ಅವನ ಹೆಂಡತಿ ಕಟ್ಟಿಕೊಟ್ಟಿದ್ದ ಚಿತ್ರಾನ್ನವಿತ್ತು. ಅದಕ್ಕೂ ಯಂತ್ರಕ್ಕೂ ಸಂಬಂಧವಿಲ್ಲವೆಂದು ಅವನೇ ಹೇಳಿದ. ಆದರೆ ಆ ಡಬ್ಬಿಯನ್ನು ತೆಗೆದಿಟ್ಟರೆ ಯಂತ್ರ ನಡೆಯುತ್ತಿರಲಿಲ್ಲ.

ಕದರಪ್ಪ ಟೆಲಿಫೋನ್ ಕೆಲಸದಿಂದ ನಿವೃತ್ತನಾದವನು. ಇದಕ್ಕೆ ಮೊದಲು ಅವನು ಸೊಳ್ಳೆ ಓಡಿಸುವ ಯಂತ್ರವೊಂದನ್ನು ಮಾಡಿದ್ದ. ಸೊಳ್ಳೆಗಳು ಓಡಲಿಲ್ಲ, ತುಮಕೂರಿನ ಅರ್ಧ ಬೆಕ್ಕುಗಳು ಬಂದು ಅವನ ಬಾಗಿಲಲ್ಲಿ ಕುಳಿತುಕೊಂಡವು. ಆದ್ದರಿಂದ ಈ ಹೊಸ ಯಂತ್ರವನ್ನು ನನ್ನ ಮೋಟಾರ್ ಸೈಕಲ್ಲಿನ ಹತ್ತಿರ ತರಲು ನನಗೆ ಮನಸ್ಸಿರಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ.

ಸಂಗತಿ ಇಷ್ಟು. ನನ್ನ ಕಣ್ಣಿನ ಆಪರೇಷನ್ ಆದಾಗ ನನ್ನ ಹೆಂಡತಿ ರಂಗಮ್ಮ ದುರ್ಗದ ಬೆಟ್ಟದ ನರಸಿಂಹಸ್ವಾಮಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆ ಹೊತ್ತಿದ್ದಳು. ‘ನಾವಿಬ್ರೂ ಗಾಡಿ ಮ್ಯಾಲೆ ಬಂದು ಒಪ್ಪಿಸ್ತೀವಿ ಸ್ವಾಮಿ’ ಎಂದು ಬಾಯಿಬಿಟ್ಟು ಹೇಳಿದ್ದಳು. ನನ್ನ ಕಣ್ಣು ಬಂತು. ಅವಳು ಹೋದಳು. ಸಾವಿನ ಮನೆಯವರು ವರ್ಷ ತುಂಬುವ ತನಕ ಬೆಟ್ಟದ ದೇವರ ದರ್ಶನಕ್ಕೆ ಹೋಗಬಾರದು. ವರ್ಷ ತುಂಬಿದ ಮೇಲೆ ತಡಮಾಡಲೂ ಬಾರದು. ಇಬ್ಬರೂ ಎಂಬ ಮಾತಂತೂ ಕೈಮೀರಿತ್ತು. ಗಾಡಿ ಎಂಬ ಮಾತನ್ನಾದರೂ ಉಳಿಸಿಕೊಡಬೇಕೆಂದು ನಾನು ನಿಶ್ಚಯಿಸಿದ್ದೆ.

ಗಾಡಿ ಎರಡು ಸಿಲಿಂಡರಿನ ಹಳೆಯದು. ವರ್ಷವೆಲ್ಲ ನಿಂತಿದ್ದುದನ್ನು ಎಬ್ಬಿಸಿದಾಗ ಎಡಗಡೆಯ ಸಿಲಿಂಡರು ಮಿಸ್ಸಿಂಗ್ ಹೊಡೆಯತೊಡಗಿತು. ಎರಡು ಏಟು ಬೀಳಬೇಕಾದ ಕಡೆ ಒಂದು ಬೀಳುವುದು, ಇನ್ನೊಂದರ ಜಾಗ ಖಾಲಿ. ಸೈಲೆನ್ಸರುಗಳ ಮೇಲೆ ನೀರು ಚಿಮುಕಿಸಿ ನೋಡಿದೆ. ಬಲಗಡೆಯದು ಚುರ್ ಎಂದಿತು. ಎಡಗಡೆಯದು ಬರಿದೇ ಒದ್ದೆಯಾಯಿತು. ಪ್ಲಗ್ಗುಗಳನ್ನು ಅದಲುಬದಲು ಮಾಡಿದೆ. ಕೆಟ್ಟಿತೆಂದುಕೊಂಡ ಪ್ಲಗ್ಗು ಬಲಕ್ಕೆ ಹೋಗಿ ಚೆನ್ನಾಗಿ ಕಿಡಿ ಕೊಟ್ಟಿತು. ಒಳ್ಳೆಯದು ಎಡಕ್ಕೆ ಬಂದು ಮೌನವಾಯಿತು. ಕಾಯಿಲ್ ಬದಲಾಯಿಸಿದೆ, ಪಾಯಿಂಟ್ ಉಜ್ಜಿದೆ, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದೆ. ಕಾಯಿಲೆ ಯಾವ ಸಾಮಾನಿನದೂ ಆಗಿರಲಿಲ್ಲ. ಅದು ಆ ಜಾಗದ್ದೇ ಆಗಿತ್ತು. ಎಡಗಡೆಯಲ್ಲಿ ಯಾರೋ ಉಸಿರು ಹಿಡಿದು ಕುಳಿತಂತೆ ಅನ್ನಿಸುತ್ತಿತ್ತು.

ಕದರಪ್ಪ ಕೆಂಪು ತಂತಿಯನ್ನು ಎಡಗಡೆಯ ಪ್ಲಗ್ಗಿಗೆ ಸುತ್ತಿದ. ಕಪ್ಪು ತಂತಿಯ ತುದಿಯನ್ನು ನೀರು ತುಂಬಿದ ತಾಮ್ರದ ಚೊಂಬಿನಲ್ಲಿ ಇಳಿಬಿಟ್ಟ. ಲೋಕದಲ್ಲಿ ಯಾವ ದೋಷವೂ ನಾಶವಾಗುವುದಿಲ್ಲ, ಅದು ಜಾಗ ಬದಲಾಯಿಸುತ್ತದೆ ಅಷ್ಟೆ. ಈ ಯಂತ್ರ ಮಿಸ್ಸಿಂಗನ್ನು ಹೀರಿ ನೀರಿಗೆ ಇಳಿಸುತ್ತದೆ ಎಂದು ವಿವರಿಸಿದ. ನಾನು ಕಿಕ್ ಹೊಡೆದೆ. ಕ್ಯಾರಿಯರು ಗುಂಯ್‌ಗುಟ್ಟಿತು. ಚೊಂಬಿನ ನೀರು ಅಲುಗದೆ ಕಪ್ಪಾಗಿ, ಮತ್ತೆ ತಿಳಿಯಾಯಿತು. ಗಾಡಿಯ ಎರಡೂ ಕಡೆ ಏಟು ಕೂಡಿ ಬಿದ್ದವು. ಹೊಸದಾಗಿ ತಂದ ದಿನವೂ ಅದು ಅಷ್ಟು ಸೊಗಸಾಗಿ ಓಡಿರಲಿಲ್ಲ.

“ಏನ್ ಭಾವ, ಈಗಲಾದ್ರೂ ಒಪ್ತೀರಾ?”

“ಬೆಕ್ಕು ಬರದೇ ಇದ್ರೆ ಒಪ್ತೀನಿ,” ಎಂದೆ.

ಆ ನೀರನ್ನು ಮಾರನೆಯ ದಿನ ಪರೀಕ್ಷೆ ಮಾಡಬೇಕು, ಯಾರೂ ಮುಟ್ಟಕೂಡದು ಎಂದು ಕದರಪ್ಪ ಚೊಂಬಿಗೆ ಜಾಗ ಹುಡುಕಿದ. ಒಂಟಿ ಗಂಡಸಿನ ಮನೆ, ಅಕ್ಕಪಕ್ಕದವರು ಸಕ್ಕರೆಗೆ, ಸೌಟಿಗೆ ಎಂದು ಒಳಗೆ ಹೊರಗೆ ಓಡಾಡುವವರು. ಯಾರೂ ಕೈಯಿಡದ ಜಾಗವೆಂದರೆ ದೇವರ ಗೂಡು. ಅಲ್ಲಿಟ್ಟು ಹೋದ.

ಟೆಲಿಫೋನ್ ಕಲಿತವನಿಗೆ ಶನಿವಾರ ಮರೆತುಹೋಗಿತ್ತು. ರಂಗಮ್ಮ ಇದ್ದಾಗ ಪ್ರತಿ ಶನಿವಾರ ಪೂಜೆ ಮಾಡಿ ವಠಾರಕ್ಕೆಲ್ಲ ತೀರ್ಥ ಕೊಡುತ್ತಿದ್ದಳು. ವರ್ಷ ಕಳೆದದ್ದರಿಂದ ಆ ಪದ್ಧತಿಯನ್ನು ಮತ್ತೆ ಹಿಡಿಯಬೇಕೆಂದು ಪಕ್ಕದ ಮನೆಯ ಪುಟ್ಟಗಂಗಮ್ಮ ತಾನಾಗಿ ಬಂದು ದೀಪ ಹಚ್ಚಿದಳು. ದೇವರ ಮುಂದೆ ತಾಮ್ರದ ಚೊಂಬು, ಅದರಲ್ಲಿ ತಿಳಿನೀರು. ತುಳಸಿ ಹಾಕಿ ಎಲ್ಲರಿಗೂ ಹಂಚಿದಳು. ಗಾಡಿ ಒರೆಸುತ್ತಿದ್ದ ನನಗೂ ತಂದುಕೊಟ್ಟಳು. ಯಾವ ಚೊಂಬಿನದೆಂದು ಯೋಚಿಸದೆ ಕಣ್ಣಿಗೊತ್ತಿಕೊಂಡು ಕುಡಿದೆ.

ಮೊದಲು ಅವಳ ಹೆಜ್ಜೆಯಲ್ಲಿ ತಿಳಿಯಿತು. ಅಂಗಳದಲ್ಲಿ ನಡೆದುಹೋಗುತ್ತಿದ್ದವಳ ಬಲಗಾಲು ಸದ್ದು ಮಾಡಿತು, ಎಡಗಾಲು ಮಾಡಲಿಲ್ಲ. ಅವಳು ಒಗ್ಗರಣೆ ಇಟ್ಟಾಗ ಸಾಸಿವೆ ಒಂದು ಚಟ್ ಎಂದರೆ ಮುಂದಿನದು ಸದ್ದಿಲ್ಲದೆ ಹಾರಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಬಡಿತ ಕೇಳಿದರೆ ಇನ್ನೊಂದು ಕಣ್ಣಿಗೆ ಮಾತ್ರ ಕಂಡಿತು. ನನ್ನ ಎದೆಯ ಮೇಲೆ ಕೈಯಿಟ್ಟುಕೊಂಡೆ. ಅಲ್ಲಿಯೂ ಹಾಗೆಯೇ ಇತ್ತು.

ಆಮೇಲೆ ಜನ ಕಾಣದಾದರು. ಪುಟ್ಟಗಂಗಮ್ಮ ಹಗ್ಗಕ್ಕೆ ಸೀರೆ ಹರವುತ್ತಿದ್ದಳು. ಸೀರೆ ಗಾಳಿಯಲ್ಲಿ ನಿಂತಿತ್ತು, ಅವಳಿರಲಿಲ್ಲ. ಮರುಕ್ಷಣ ಇದ್ದಳು. ಮತ್ತೆ ಇರಲಿಲ್ಲ. ಬಂದಾಗ ಮುಖ ಬಿಳಚಿಕೊಂಡಿತ್ತು.

“ಅಣ್ಣ, ನಮ್ಮತ್ತೆ ಅಲ್ಲಿ ಕುಂತವ್ರೆ.”

“ಎಲ್ಲಿ?”

“ಇಲ್ಲೇ, ಇದೇ ಅಂಗಳದಾಗೆ. ಆದ್ರೆ ಸದ್ದೇ ಇಲ್ದಿರೋ ಅಂಗಳ. ಸತ್ತು ಇಷ್ಟ್ ವರ್ಷ ಆದ್ರೂ ನನ್ ಸಾರಿಗೆ ಉಪ್ಪು ಕಮ್ಮಿ ಅಂತಾರಣ್ಣ. ಇದು ಆ ಡಬ್ಬಿ ಯಂತ್ರದ್ದೇ ಕೆಲ್ಸ. ನನ್ನ ಆ ಕಡೀಕ್ ಕಳಿಸ್ಬ್ಯಾಡ ಅಂತ ನಿಮ್ ಭಾವಮೈದಂಗೆ ಹೇಳು.”

ಕದರಪ್ಪ ಬಂದು ಖಾಲಿ ಚೊಂಬನ್ನೂ ತುಳಸಿ ಎಲೆಯನ್ನೂ ನೋಡಿ ನೆಲದ ಮೇಲೆ ಕುಳಿತುಬಿಟ್ಟ. ಮಿಸ್ಸಿಂಗ್ ಬೆಳೆಯುತ್ತ ಹೋಗುತ್ತದೆ, ಖಾಲಿ ಏಟುಗಳು ಉದ್ದವಾಗುತ್ತವೆ, ಸಂಜೆಯೊಳಗೆ ತೆಗೆಯದಿದ್ದರೆ ಕುಡಿದವರು ಆ ಕಡೆಯೇ ನಿಂತುಬಿಡುತ್ತಾರೆ ಎಂದ. ಕೂಡಲೇ ಕೆಂಪು ತಂತಿಯನ್ನು ಪುಟ್ಟಗಂಗಮ್ಮನ ಹೆಬ್ಬೆರಳಿಗೆ ಸುತ್ತಿ, ಚೊಂಬಿಗೆ ಹೊಸ ನೀರು ತುಂಬಿ ಕಪ್ಪು ತಂತಿಯನ್ನು ಮತ್ತೆ ಅದಕ್ಕೆ ಇಳಿಬಿಟ್ಟ. ಅವಳು ಎರಡೂ ಕಾಲು ನೆಲಕ್ಕೆ ಬಡಿದು ನೋಡಿಕೊಂಡು ಸಮಾಧಾನಪಟ್ಟಳು. ವಠಾರದವರೆಲ್ಲ ಸಾಲಾಗಿ ನಿಂತರು. ಸಾಲು ಕೂಡ ಇದ್ದೂ ಇಲ್ಲದಂತಿತ್ತು. ಎಲ್ಲರೂ ಒಮ್ಮೆಗೇ ಕಾಣದಾದಾಗ ಕದರಪ್ಪ ಒಬ್ಬನೇ ಗಾಳಿಯನ್ನು ಗದರಿಸುತ್ತಿದ್ದ.

ನಾನು ಸಾಲಿನಲ್ಲಿ ನಿಲ್ಲಲಿಲ್ಲ. ಬೆಳ್ಳಿಯ ಕಣ್ಣನ್ನು ಜೇಬಿಗೆ ಹಾಕಿಕೊಂಡು ಗಾಡಿಯನ್ನು ಹೊರಕ್ಕೆ ತಳ್ಳಿದೆ. ಕದರಪ್ಪನಿಗೆ ಅರ್ಥವಾಯಿತು. ಓಡಿಬಂದು ಹ್ಯಾಂಡಲ್ ಹಿಡಿದ.

“ಭಾವ, ಮೊದ್ಲು ನಿಮ್ದು ತೆಗೀತೀನಿ. ಅರ್ಧ ದಾರೀಲಿ ಸಿಕ್ಕಾಕ್ಕೊಂಡ್ರೆ ವಾಪಸ್ ಬರಾಕ್ಕಾಗಲ್ಲ.”

“ಹರಕೇಲಿ ಇಬ್ರೂ ಅಂತ ಐತೆ ಕದರಪ್ಪ.”

ರಂಗಮ್ಮ ಅವನ ಒಡಹುಟ್ಟಿದ ಅಕ್ಕ. ಹ್ಯಾಂಡಲ್ ಬಿಟ್ಟು, ಕನ್ನಡಕ ಒರೆಸಿಕೊಂಡು, ಮೆಲ್ಲಗೆ ಹೇಳಿದ:

“ಅಕ್ಕ ಕಂಡ್ರೆ, ಯಂತ್ರ ನಾನೇ ಮಾಡಿದ್ದು ಅಂತ ಹೇಳಿ.”

ಊರು ದಾಟುವ ತನಕ ಏನೂ ಆಗಲಿಲ್ಲ. ವೃತ್ತದಲ್ಲಿ ಮಾತ್ರ ಪೊಲೀಸಿನವನೊಬ್ಬ ಸವಾರನಿಲ್ಲದ ಗಾಡಿಯನ್ನು ಕಂಡು ಕೈಯೆತ್ತಿದ, ಸವಾರನನ್ನು ಕಂಡು ಇಳಿಸಿದ, ಮತ್ತೆ ಎತ್ತಿದ. ಹಿಂತಿರುಗಿ ನೋಡಿದಾಗ ಅವನು ಟೋಪಿ ತೆಗೆದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದ.

ಕಾಡಿನ ದಾರಿ ಹಿಡಿದ ಮೇಲೆ ಖಾಲಿ ಏಟುಗಳು ಉದ್ದವಾದವು. ಆ ಕಡೆಯೂ ಅದೇ ರಸ್ತೆ, ಅವೇ ತಿರುವುಗಳು. ಆದರೆ ಗಾಳಿಯಿಲ್ಲ, ಎಲೆ ಅಲುಗದು, ಗಾಡಿ ಓಡುತ್ತಿದ್ದರೂ ಸದ್ದಿಲ್ಲ. ಈ ಕಡೆಗೆ ಬಂದರೆ ಬಿಸಿಲು, ಧೂಳು, ಇಂಜಿನ್ನಿನ ಅಬ್ಬರ. ಮೊದಲನೆಯ ಏರಿನಲ್ಲಿ ಹಿಂದಿನ ಸ್ಪ್ರಿಂಗು ಕುಗ್ಗಿತು. ಈ ಕಡೆಗೆ ಬಂದಾಗ ಎದ್ದಿತು. ಆ ಕಡೆಗೆ ಹೋದಾಗ ಮತ್ತೆ ಕುಗ್ಗಿತು. ನನ್ನ ಬಲಭುಜದ ಮೇಲೆ ಕೈಯೊಂದು ಕುಳಿತಿತು. ತಿರುವಿನಲ್ಲಿ ಹೆಚ್ಚು ವಾಲಿದರೆ ಆ ಕೈ ಚಿವುಟುತ್ತಿತ್ತು. ಹಿಂದಿನಿಂದಲೂ ಅದು ಹಾಗೆಯೇ.

ನಾನು ಹಿಂತಿರುಗಿ ನೋಡಲಿಲ್ಲ. ಕದರಪ್ಪನ ಮಾತನ್ನು ಮಾತ್ರ ಹೇಳಿದೆ. ಒಂದು ತಿರುವು ಕಳೆದ ಮೇಲೆ, “ಸ್ನಾನ ಮಾಡಿ ಮಾಡಿದ್ನಂತಾ?” ಎಂದು ಕಿವಿಯ ಹತ್ತಿರ ಕೇಳಿತು.

ದುರ್ಗದ ಗುಡಿಯಲ್ಲಿ ಬಾಗಿಲು ಹಾಕುವ ಹೊತ್ತಾಗಿತ್ತು. ಅಷ್ಟರಲ್ಲಿ ನಾನು ಈ ಕಡೆ ಇರುವುದಕ್ಕಿಂತ ಆ ಕಡೆ ಇರುವುದೇ ಹೆಚ್ಚಾಗಿತ್ತು. ಬೆಳ್ಳಿಯ ಕಣ್ಣನ್ನು ತಟ್ಟೆಯಲ್ಲಿಟ್ಟೆ. ಅರ್ಚಕರು ವಯಸ್ಸಾದವರು, ಯಾರ ಮುಖವನ್ನೂ ನೋಡದೆ ಮಂತ್ರ ಹೇಳಿಕೊಂಡೇ ನನಗೆ ತೀರ್ಥ ಕೊಟ್ಟರು. ಆಮೇಲೆ ನನ್ನ ಎಡಗಡೆಗೆ ತಿರುಗಿ, “ಅಮ್ಮಾ, ಕೈ ಇನ್ನೂ ಸ್ವಲ್ಪ ಮುಂದೆ ಚಾಚಿ, ಚೆಲ್ಲತ್ತೆ,” ಎಂದು ಸುರಿದರು.

ನೆಲ ಒದ್ದೆಯಾಗಲಿಲ್ಲ.

ಹೊರಗೆ ಬಂದು ಗಾಡಿ ಹತ್ತಿ ಕುಳಿತೆ. ಸದ್ದಿಲ್ಲದ ಆ ಕಡೆಯ ಬೆಟ್ಟ ಸುತ್ತಲೂ ನಿಂತಿತ್ತು. ಈ ಕಡೆಯ ಏಟು ಬಹಳ ಹೊತ್ತಿನಿಂದ ಬಿದ್ದಿರಲಿಲ್ಲ. ಬೀಳದಿದ್ದರೂ ಚಿಂತೆಯಿಲ್ಲವೆಂದು ತೋರಿತು. ಸ್ಪ್ರಿಂಗು ಕುಗ್ಗಲೆಂದು ಕಾದೆ. ಕುಗ್ಗಲಿಲ್ಲ. ರಂಗಮ್ಮ ಗಾಡಿಯ ಪಕ್ಕದಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ಹತ್ತು,” ಎಂದೆ.

“ಬರೋದಷ್ಟೇ ನಾನ್ ಹೊತ್ಕೊಂಡಿದ್ದು. ಒಪ್ಪಿಸಿದ್ದಾಯ್ತಲ್ಲ. ನೀವ್ ಹೊರಡಿ, ಕತ್ಲಾದ್ರೆ ನಿಮ್ಗೆ ಕಣ್ಣು ಕಾಣಾಕಿಲ್ಲ.”

“ನೀನು?”

“ಬಸ್ಸಾಗೆ ಹೋಯ್ತೀನಿ.”

ಹೀಗೆ ಹೇಳಿ ನನ್ನ ಬೆನ್ನಿನ ಮೇಲೊಂದು ಏಟು ಕೊಟ್ಟಳು. ಅದು ಕೇಳಿಸಿತು. ಅದರ ಹಿಂದೆಯೇ ಗಾಳಿ, ಕೋತಿಗಳ ಕೂಗು, ತೆಂಗಿನಕಾಯಿ ಒಡೆಯುವ ಸದ್ದು ಎಲ್ಲವೂ ಒಟ್ಟಿಗೆ ಬಂದವು. ಗಾಡಿ ಎರಡೂ ಸಿಲಿಂಡರಿನಲ್ಲಿ ಓಡುತ್ತ ಬೆಟ್ಟ ಇಳಿಯಿತು. ಎಲ್ಲಿಯೂ ಒಂದೇ ಒಂದು ಏಟು ತಪ್ಪಲಿಲ್ಲ. ತಪ್ಪೀತೇ ಎಂದು ದಾರಿಯುದ್ದಕ್ಕೂ ಕಿವಿಗೊಟ್ಟಿದ್ದೆ.

ಕದರಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ನನ್ನ ಹೆಬ್ಬೆರಳಿಗೆ ತಂತಿ ಸುತ್ತಿ ನೋಡಿದ. ನನ್ನೊಳಗೆ ಹೀರುವುದಕ್ಕೆ ಏನೂ ಇರಲಿಲ್ಲ. ಅಕ್ಕ ಏನೆಂದಳೆಂದು ಕೇಳಿದ. ನಾನು ಇದ್ದದ್ದನ್ನು ಹೇಳಿದೆ. ಅವನು ಎದ್ದುಹೋಗಿ ಸ್ನಾನ ಮಾಡಿದ.

ವಠಾರದವರಿಂದ ತೆಗೆದ ಮಿಸ್ಸಿಂಗನ್ನು ಏನು ಮಾಡಿದೆಯೆಂದು ಆಮೇಲೆ ವಿಚಾರಿಸಿದೆ. ಅದನ್ನು ಇಟ್ಟುಕೊಳ್ಳಲು ಪುಟ್ಟಗಂಗಮ್ಮ ಬಿಟ್ಟಿರಲಿಲ್ಲ, ದೃಷ್ಟಿ ತೆಗೆದ ನೀರನ್ನು ಚೆಲ್ಲುವಂತೆ ಬಸ್ ನಿಲ್ದಾಣದ ಮುಂದೆ ಮೂರು ದಾರಿ ಕೂಡುವಲ್ಲಿ ಅವನಿಂದಲೇ ಚೆಲ್ಲಿಸಿದ್ದಳು. ಅಂದಿನಿಂದ ಆ ನಿಲ್ದಾಣಕ್ಕೆ ಬರುವ ಬಸ್ಸುಗಳಲ್ಲಿ ಒಂದು ಕಣ್ಣಿಗೆ ಕಂಡರೆ ಇನ್ನೊಂದು ಕಾಣುವುದಿಲ್ಲ. ಧೂಳು ಏಳುತ್ತದೆ, ಬಾಗಿಲು ಹಾಕಿದ ಗಾಳಿ ಮುಖಕ್ಕೆ ಬಡಿಯುತ್ತದೆ, ಬಸ್ಸು ಮಾತ್ರ ಇರುವುದಿಲ್ಲ. ಕಾದು ನಿಂತವರು ಬಯ್ಯುತ್ತಾರೆ. ನಾನು ಬಯ್ಯುವುದಿಲ್ಲ. ಆ ಬಸ್ಸಿಗೂ ಪ್ರಯಾಣಿಕರಿದ್ದಾರೆ.