ಅಟ್ಟಣೆಯ ಮೇಲಿನ ಸಂದರ್ಶನ

ಗುರುಪಾದಸ್ವಾಮಿಯ ಕೆಲಸಕ್ಕೆ ಕುತ್ತು ತಂದದ್ದು ಒಂದೇ ಒಂದು ನಿಯಮ: ಸರ್ವೆಗೆಂದು ಮಗುವನ್ನು ಪ್ರಶ್ನೆ ಕೇಳುವಾಗ ತಂದೆತಾಯಿಯ ದನಿ ಕೇಳಿಸಿದರೆ ಆ ಸಂದರ್ಶನ ರದ್ದು. ಯಳಂದೂರಿನಲ್ಲೊಂದು, ಹನೂರಿನಲ್ಲೊಂದು ಆಗಲೇ ರದ್ದಾಗಿದ್ದವು. ಮೂರನೆಯದನ್ನು ಮೈಸೂರು ಕಚೇರಿಯ ಮೇಡಂ ಹನ್ನೆರಡು ಗಂಟೆಗೆ ಫೋನಿನಲ್ಲಿ ತಾವೇ ಆಲಿಸುವವರಿದ್ದರು. ಅದೂ ಕೆಟ್ಟರೆ ಇಪ್ಪತ್ತೇಳನೆಯ ವಯಸ್ಸಿಗೆ ಸಿಕ್ಕ ಮೊದಲ ಕೆಲಸ ಹೋದಂತೆಯೇ. ಸ್ಕೂಟರ್ ಓಡಿಸಲು ಬಾರದ ಅವನನ್ನು ಕೊಳ್ಳೇಗಾಲದಿಂದ ಕಾಡಂಚಿನ ಶಾಗ್ಯಕ್ಕೆ ಹಿಂದೆ ಕೂರಿಸಿಕೊಂಡು ಬಂದವರು ಅಪ್ಪ ಶಿವಮಲ್ಲಪ್ಪ, ರಿಟೈರಾದ ಮೇಷ್ಟ್ರು.

ಹತ್ತು ಗಂಟೆಗೇ ಅಲ್ಲಿನ ಒಂದು ಮನೆಯಲ್ಲಿ ತಾಲೀಮು ಶುರುವಾಯಿತು. "ನಿಂಗೆ ಯಾವ್ದು ಕಂಡ್ರೆ ಭಯ?" ಎಂದು ಗುರುಪಾದಸ್ವಾಮಿ ಹತ್ತು ವರ್ಷದ ಧನುಶ್ರೀಯನ್ನು ಕೇಳಿದ.

"ಅವ್ಳ್ಗೆ ಯಾವ ಭಯಾನೂ ಇಲ್ಲ ಸಾ," ಎಂದಳು ಹುಡುಗಿಯ ಅವ್ವ ಮಾದೇವಮ್ಮ.

ಒಳಕೋಣೆಗೆ ಹೋದರೆ ಕಿಟಕಿಯಲ್ಲಿ ಮಾದೇವಮ್ಮ, ಅವಳ ಪಕ್ಕ ನೆರೆಮನೆಯ ರಾಜಣ್ಣ. "ಜಿರಳೆ ಕಂಡ್ರೆ ಎದ್ರುತದೆ, ಬರ್ಕಳಿ ಸಾ," ಎಂದ ರಾಜಣ್ಣ. ಹಿತ್ತಿಲಿಗೆ ಹೋದರೆ ಇಬ್ಬರೂ ಕುರ್ಚಿ ಸಮೇತ ಅಲ್ಲಿಗೇ ಬಂದರು.

ಹನ್ನೆರಡಕ್ಕೆ ಐದು ನಿಮಿಷವಿತ್ತು. ಜೋಳದ ಹೊಲದಲ್ಲಿ ಆನೆ ಕಾಯುವ ಅಟ್ಟಣೆ ಕಂಡಿತು. ಗುರುಪಾದಸ್ವಾಮಿ ಹುಡುಗಿಯನ್ನು ಹತ್ತಿಸಿ, ತಾನೂ ಹತ್ತಿ, ಏಣಿಯನ್ನೂ ಮೇಲೆಳೆದುಕೊಂಡ. ಮಾದೇವಮ್ಮ ಬಾಯಿಗೆ ಸೆರಗಿಟ್ಟುಕೊಂಡು ದೂರದ ಬದುವಿನ ಮೇಲೆ ಕುಳಿತಳು. ಯಾರೂ ಹತ್ತಿರ ಸುಳಿಯದಂತೆ ಕಾಯಲು ಅಪ್ಪ ಕೆಳಗೆ ನಿಂತರು.

ಫೋನು ಬಂತು. ಸ್ಪೀಕರ್ ಹಾಕಿ ಮತ್ತೆ ಅದೇ ಪ್ರಶ್ನೆ ಕೇಳಿದ.

ಧನುಶ್ರೀ ಕಾಡಿನ ಕಡೆ ನೋಡಿದಳು. "ಆನೆ ಕಂಡ್ರೆ ಭಯ ಇಲ್ಲ ಸಾ. ಆನೆ ಬಂದಾಗ ಅವ್ವ ಮಾತು ನಿಲ್ಲುಸ್ಬುಡ್ತಳೆ, ಅದೇ ಭಯ. ಅವ್ವ ವಟವಟ ಅಂತಿದ್ರೆ ಆನೆ ಇಲ್ಲ ಅಂತ ನಂಗೆ ನಿದ್ದೆ ಬತ್ತದೆ."

ಊರೂರು ಅಲೆದರೂ ಇಂಥ ಮಾತು ಗುರುಪಾದಸ್ವಾಮಿಯ ಕಿವಿಗೆ ಬಿದ್ದಿರಲಿಲ್ಲ. ಎದುರಿಗಿದ್ದ ಬೆಟ್ಟಗಳ ಸಾಲಿಗಿಂತ ಈ ಹುಡುಗಿಯೇ ದೊಡ್ಡವಳಾಗಿ ಕಂಡಳು. ಒಂದಕ್ಷರವೂ ಬಿಡದಂತೆ ಅವಳ ಮಾತನ್ನು ಬರೆದುಕೊಳ್ಳತೊಡಗಿದ.

"ಅದ್ಭುತ," ಎಂದರು ಮೇಡಂ, ಮೆಲ್ಲಗೆ. "ಅಲ್ಲಿ ಪೋಷಕರು ಯಾರೂ ಇಲ್ಲ ತಾನೆ?"

ಮಗ ಇನ್ನೂ ಬರೆಯುತ್ತಲೇ ಇದ್ದ. ಅವನು ಬರೆದು ಮುಗಿಸುವವರೆಗೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಒಬ್ರೂ ಇಲ್ಲ ಮೇಡಂ," ಎಂದು ಕೆಳಗಿನಿಂದ ಕೂಗಿದರು. "ನಾನು ಇವನ ತಂದೆ. ಖುದ್ದಾಗಿ ನಿಂತು ನೋಡ್ಕಂಡಿದ್ದೀನಿ."

"ಪೋಷಕರು ಹಾಜರು," ಎಂದರು ಮೇಡಂ. "ರದ್ದು."

ಫೋನು ಕಟ್ಟಾಯಿತು. ಕೆಳಗೆ ಅಪ್ಪ ಅಷ್ಟಕ್ಕೇ ನಿಲ್ಲಿಸದೆ ಮೇಡಂಗೆ ಇನ್ನೂ ಏನೇನೋ ವಿವರಿಸುತ್ತಲೇ ಇದ್ದರು. ಗುರುಪಾದಸ್ವಾಮಿ ಬಿಳಿಚಿಕೊಂಡು ಕುಳಿತುಬಿಟ್ಟ.

ಧನುಶ್ರೀ ಅವನ ತೋಳು ಮುಟ್ಟಿದಳು.

"ಎದ್ರುಬ್ಯಾಡಿ ಸಾ. ನಿಮ್ಮಪ್ಪ ಇನ್ನೂ ಮಾತಾಡ್ತಾನೇ ಅವ್ರೆ, ಆನೆ ಇಲ್ಲ. ಏಣಿ ಇಳ್ಸಿ."